ತುಂಟತನಕ್ಕೊಂದು ಭಾಷೆ: ಕಾಸರಗೋಡಿನ ಶಾಲೆಯ ಚಿತ್ರವೂ ನಮ್ಮ ಗಡಿಯ ಶಾಲೆಗಳೂ

ಕನ್ನಡ ಚಲನಚಿತ್ರಗಳಿಗೆ ದೇವರ ಹೆಸರು, ನಾಯಕನ ಹೆಸರು, ಗಾದೆಯ ಅರ್ಧಭಾಗ ಶೀರ್ಷಿಕೆಯಾಗಿ ಬರುವುದನ್ನು ನಾವು ಬಲ್ಲೆವು. ಊರ ಶಾಲೆಯ ಹೆಸರುಹಲಗೆಯನ್ನೇ ಕಿತ್ತು ತಂದು ಶೀರ್ಷಿಕೆಯ ಜಾಗದಲ್ಲಿ ನಿಲ್ಲಿಸಿದ ಚಿತ್ರ ಅಪರೂಪ. 2018ರ ಆಗಸ್ಟ್ 24ರಂದು ತೆರೆಕಂಡ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಅಂಥದ್ದು. ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಹೆಸರಿನ ಕೊನೆಗಿರುವ ‘ಕೊಡುಗೆ’ ಎಂಬ ಮಾತನ್ನು ಓದಿದಾಗಲೇ ಅರ್ಧ ಕಥೆ ತಿಳಿದಂತಾಗುತ್ತದೆ. ಶಾಲೆ ಸರ್ಕಾರದ್ದು, ಆದರೆ ಅದರ ಗೋಡೆಯೋ ಗಂಟೆಯೋ ಬೆಂಚೋ ಊರಿನ ಯಾವನೋ ದಾನಿಯ ಹೆಸರು ಹೊತ್ತು ನಿಂತಿದೆ. ಗಡಿಯ ಶಾಲೆಗಳಿಗೆ ಈ ಎರಡು ಆಸರೆಗಳೂ ಬೇಕು. ಒಂದು ಸರಿದರೆ ಭಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ.

ಹತ್ತು ವರ್ಷವೂ ತುಂಬದ ಚಿತ್ರವನ್ನು ಹಳೆಯ ಮೇರುಕೃತಿಗಳ ಸಾಲಿನಲ್ಲಿ ಕೂರಿಸುವುದು ಅವಸರವಾದೀತೆಂದು ಕೆಲವರು ಹೇಳಬಹುದು. ಆದರೆ ಗಡಿನಾಡಿನ ಕನ್ನಡಿಗರ ಮನೆಗಳಲ್ಲಿ ಈ ಚಿತ್ರ ಈಗಾಗಲೇ ಹಳೆಯ ಚಿತ್ರದಂತೆ ಬಾಳುತ್ತಿದೆ. ಮಕ್ಕಳು ಅದರ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಸಂಘದ ಸಭೆಗಳಲ್ಲಿ ಭಾಷಣಕಾರರು ಅದನ್ನು ಉದಾಹರಿಸುತ್ತಾರೆ. ಕನ್ನಡ ಶಾಲೆಯ ಮಾತು ಬಂದಾಗಲೆಲ್ಲ ಆ ಹೆಸರು ಬಂದೇ ಬರುತ್ತದೆ. ಹಾಗಿರುವಾಗ ಆ ಚಿತ್ರ ಇಂದಿಗೂ ನಿಲ್ಲುತ್ತದೆಯೇ, ಅದರ ನಗೆ ಇಂದಿಗೂ ನಗೆಯೇ ಆಗಿದೆಯೇ ಎಂದು ಹಾಲಹರವಿಯಂಥ ಊರಿನಲ್ಲಿ ಕುಳಿತು ಕೇಳಿಕೊಳ್ಳುವುದು ಅಸಂಗತವಲ್ಲ. ನಾವೂ ಆ ಚಿತ್ರದ ಪಾತ್ರಗಳ ದಾಯಾದಿಗಳೇ.

ಈ ದಾಯಾದಿತನಕ್ಕೆ ಇತಿಹಾಸವುಂಟು. ನಮ್ಮ ಹಾಲಹರವಿ ಸೇರಿದ್ದ ಆಲೂರು ತಾಲ್ಲೂಕು, ಪಕ್ಕದ ಆದವಾನಿ ಮತ್ತು ರಾಯದುರ್ಗ, ಈ ಮೂರೂ ಹಿಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆಯಿತು, ವಾದವಿವಾದಗಳಾದವು, ಕೊನೆಗೆ ಅದು ಮೈಸೂರಿಗೆ ಸೇರಿತು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ ಹೋದವು. ಕಾಸರಗೋಡಿನ ಕಥೆ ಮೂರು ವರ್ಷಗಳ ತರುವಾಯದ್ದು. ದಕ್ಷಿಣ ಕನ್ನಡ ಜಿಲ್ಲೆಯ ಆ ತಾಲ್ಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತಾದರೂ ಅದು ಕಾಗದದಲ್ಲೇ ಉಳಿಯಿತು. ಗೋವಿಂದ ಪೈಗಳ ನಾಡಿನಲ್ಲಿ, ಅಧ್ಯಾಪಕರೂ ಕವಿಗಳೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ, 2015ರಲ್ಲಿ ತೀರಿಕೊಳ್ಳುವವರೆಗೂ ಆ ಆಯೋಗದ ಮಾತನ್ನು ನೆನಪಿಸುತ್ತಲೇ ಇದ್ದರು. ನಮ್ಮಲ್ಲಿ ಅಂಥ ದೀರ್ಘ ಹೋರಾಟ ನಡೆಯಲಿಲ್ಲ. ವಿಜಯದಾಸರು ಕೊನೆಯುಸಿರೆಳೆದ ಚಿಪ್ಪಗಿರಿ ನಮ್ಮ ಮಗ್ಗುಲಲ್ಲೇ ಇದ್ದರೂ, ಅವರ ಪದಗಳನ್ನು ಹಾಡುವ ಮನೆಗಳಲ್ಲೇ ಕನ್ನಡದ ಪ್ರಶ್ನೆ ತಣ್ಣಗೆ ಮಲಗಿತು. ಬಳ್ಳಾರಿಯ ಸಂತೆ, ಆಸ್ಪತ್ರೆ, ಟಾಕೀಸು ಹತ್ತಿರವಿದ್ದುದರಿಂದ ಗಡಿ ಎಂಬುದು ನಮಗೆ ಗೆರೆಯಾಗಿ ಕಾಣಿಸಲಿಲ್ಲ. ಬಸ್ಸಿನ ಬೋರ್ಡಿನ ಮೇಲಿನ ಅಕ್ಷರ ಬದಲಾದದ್ದಾಗಿ ಮಾತ್ರ ಕಾಣಿಸಿತು.

ಇನ್ನು ಚಿತ್ರದ ವಿಷಯ. ಕಥೆ ಬಹುಮಂದಿಗೆ ಗೊತ್ತಿರುವಂಥದ್ದೇ. ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆ. ಅಲ್ಲಿ ಪ್ರವೀಣನೆಂಬ, ಓದಿನಲ್ಲಿ ಹಿಂದುಳಿದ, ಮೀಸೆ ಮೂಡುವ ಮೊದಲೇ ಪ್ರೇಮ ಮೂಡಿದ ಹುಡುಗ. ಅವನ ಮನಸ್ಸು ಕದ್ದ ಪಲ್ಲವಿ. ಮಲಯಾಳದ ಮಹಾನಟನ ಹೆಸರು ಹೊತ್ತ ಮಮ್ಮುಟ್ಟಿ ಎಂಬ ಗೆಳೆಯ. ಊರಿನ ಎಲ್ಲ ವ್ಯವಹಾರಗಳಿಗೂ ಮೂಗು ತೂರಿಸುವ ಭುಜಂಗ. ಪರೀಕ್ಷೆ, ಪ್ರೇಮ, ಪೆಟ್ಟು, ಸುಳ್ಳು, ಸಣ್ಣ ಕಳ್ಳತನ ಎಂದು ಸಾಗುತ್ತಿದ್ದ ಬಾಲ್ಯಕ್ಕೆ ಒಮ್ಮೆಲೇ ಎರಡು ಆಘಾತಗಳು ಬರುತ್ತವೆ. ಮೊದಲನೆಯದು, ಕನ್ನಡದ ಗಂಧವಿಲ್ಲದ ಗಣಿತದ ಮೇಷ್ಟ್ರು. ಎರಡನೆಯದು, ಶಾಲೆಯನ್ನೇ ಮುಚ್ಚುವ ಆಜ್ಞೆ. ಮೈಸೂರಿನಿಂದ ಅನಂತಪದ್ಮನಾಭ ಎಂಬ ಹಿರಿಯರು ಬಂದು, ಪ್ರಕರಣ ನ್ಯಾಯಾಲಯ ಹತ್ತಿ, ಶಾಲೆ ಮತ್ತೆ ತೆರೆಯುತ್ತದೆ. ಆ ಹಿರಿಯರ ಪಾತ್ರದಲ್ಲಿ ಅನಂತನಾಗ್ ಅವರನ್ನು ಕಂಡವರಿಗೆ ಆ ಪಾತ್ರವನ್ನು ಬೇರೆಯವರಲ್ಲಿ ಊಹಿಸಿಕೊಳ್ಳುವುದು ಕಷ್ಟ.

ಇದರಲ್ಲಿ ಇಂದಿಗೂ ಗಟ್ಟಿಯಾಗಿ ನಿಲ್ಲುವುದು ಯಾವುದು? ನಮ್ಮ ಅಭಿಪ್ರಾಯದಲ್ಲಿ, ಬಹುಮಂದಿ ಹೊಗಳುವ ನ್ಯಾಯಾಲಯದ ದೃಶ್ಯವಲ್ಲ, ಗಣಿತದ ತರಗತಿ. ಈ ಮಾತನ್ನು ತುಸು ಬಿಡಿಸಿ ಹೇಳಬೇಕು.

ಶಾಲೆಯ ಹುಡುಗರ ಹಾಸ್ಯವೆಂದರೆ ಏನು? ಮೇಷ್ಟ್ರು ಒಂದು ಹೇಳಿದರೆ ಹಿಂದಿನ ಬೆಂಚಿನಿಂದ ಇನ್ನೊಂದು ಬರುವುದು. ಪಾಠದ ಪದವನ್ನು ಹಿಡಿದು ಅದಕ್ಕೆ ಅಡ್ಡಹೆಸರಿನ ಅರ್ಥ ಹಚ್ಚುವುದು. ಮನೆಪಾಠ ಮಾಡದ್ದಕ್ಕೆ ನಂಬುವಂಥ ಸುಳ್ಳು ಹೆಣೆಯುವುದು. ಕಾಗದದ ಚೂರಿನಲ್ಲಿ ಎರಡು ಸಾಲು ಬರೆದು ಹುಡುಗಿಯ ಪುಸ್ತಕದೊಳಗೆ ಸೇರಿಸುವುದು. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ ಮಗು ದೊಡ್ಡದಾಗುವುದೆಂದರೆ ಮುಖ್ಯವಾಗಿ ಇದೇ, ಎದುರುಮಾತು ಕಲಿಯುವುದು. ಎತ್ತರ ಬೆಳೆಯುವುದಕ್ಕೆ ಯಾವ ಭಾಷೆಯೂ ಬೇಡ. ಎದುರುಮಾತಿಗೆ ಮಾತ್ರ ಭಾಷೆ ಬೇಕು, ಅದೂ ಚೆನ್ನಾಗಿ ಬಲ್ಲ ಭಾಷೆಯೇ ಬೇಕು. ಅರ್ಧ ಬಲ್ಲ ಭಾಷೆಯಲ್ಲಿ ಮಗು ಪ್ರಶ್ನೆಗೆ ಉತ್ತರ ಹೇಳಬಹುದು, ಪಾಸಾಗಬಹುದು, ಆದರೆ ತುಂಟತನ ಮಾಡಲಾರದು. ಬಾರದ ಭಾಷೆಯ ತರಗತಿಯಲ್ಲಿ ಎಷ್ಟು ಶಿಸ್ತಿರುತ್ತದೆಂದರೆ ಹೊರಗಿನಿಂದ ನೋಡಿದ ಅಧಿಕಾರಿ ಮೆಚ್ಚಿಕೊಂಡು ಹೋದಾನು. ಆ ಶಿಸ್ತು ಮಗುವಿನ ಬಾಯಿ ಕಟ್ಟಿದ್ದರಿಂದ ಬಂದದ್ದು.

ಚಿತ್ರದಲ್ಲಿ ಮಲಯಾಳದ ಗಣಿತ ಆರಂಭವಾದಾಗ ಆಗುವುದೂ ಇದೇ. ಅಲ್ಲಿಯವರೆಗೆ ತರಗತಿಯಲ್ಲಿ ಜಾಣರೂ ದಡ್ಡರೂ ಎಂದು ಎರಡು ಪಂಗಡ. ಪ್ರವೀಣನ ದಡ್ಡತನವೇ ಹಾಸ್ಯದ ಬಂಡವಾಳ. ಬೇರೆ ಭಾಷೆ ಬಂದ ಕೂಡಲೇ ಆ ಪಂಗಡಗಳು ಕರಗಿಹೋಗುತ್ತವೆ, ಎಲ್ಲರೂ ಪ್ರವೀಣರೇ. ನಾವು ನಗುತ್ತೇವೆ, ಏಕೆಂದರೆ ದೃಶ್ಯ ನಗೆಯದ್ದೇ. ಆದರೆ ಅದರ ಬೆನ್ನಿಗೇ ಒಂದು ಸಂಶಯ ಹುಟ್ಟುತ್ತದೆ: ಗಡಿಯ ಶಾಲೆಗಳಲ್ಲಿ ದಡ್ಡರೆನಿಸಿಕೊಂಡು ಐದನೆಯ ತರಗತಿಗೋ ಏಳನೆಯದಕ್ಕೋ ಶಾಲೆ ಬಿಟ್ಟ ಮಕ್ಕಳಲ್ಲಿ ಎಷ್ಟು ಮಂದಿ ನಿಜವಾಗಿ ದಡ್ಡರಾಗಿದ್ದರು? ನಿರ್ದೇಶಕರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿಲ್ಲ. ಕೇಳದಿರುವುದರಿಂದಲೇ ಆ ಭಾಗ ಹಳತಾಗದೆ ಉಳಿದಿದೆ. ಕಾಸರಗೋಡಿನಲ್ಲಿ ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ್ದರ ವಿರುದ್ಧ ವಿದ್ಯಾರ್ಥಿಗಳೂ ಪಾಲಕರೂ ಪ್ರತಿಭಟಿಸಿದ ಸುದ್ದಿ ಚಿತ್ರ ಬಂದ ಮೇಲೆಯೂ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಆದ್ದರಿಂದ ಈ ಹಾಸ್ಯ ಕಾಲಬಾಹಿರವಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಚಿತ್ರಮಂದಿರದಲ್ಲಿಲ್ಲ, ನೇಮಕಾತಿಯ ಪಟ್ಟಿಯಲ್ಲಿದೆ.

ನಮ್ಮ ಕಡೆ ಇದೇ ನೋವು ಬೇರೆ ಬಗೆಯದು. ಹೊರಗೆ ಕಾಣಿಸುವುದೂ ಕಡಿಮೆ. ಮಲಯಾಳದ ಲಿಪಿಗೂ ಕನ್ನಡದ ಲಿಪಿಗೂ ಹೋಲಿಕೆ ಕಡಿಮೆ. ಆದಕಾರಣ ಅಲ್ಲಿ ಮಗುವಿಗೆ ಅನ್ಯಾಯವಾದರೆ ಕಣ್ಣಿಗೆ ಕಾಣುತ್ತದೆ. ತೆಲುಗೂ ಕನ್ನಡವೂ ಅಕ್ಕತಂಗಿಯರಂತಿರುವ ಲಿಪಿಗಳು. ‘ಅಕ್ಷರ ಒಂದೇ ಅಲ್ಲವೆ, ನಾಲ್ಕು ದಿನದಲ್ಲಿ ಕಲಿಯುತ್ತಾನೆ ಬಿಡಿ’ ಎಂಬ ಮಾತನ್ನು ಕೇಳದ ಪಾಲಕರು ನಮ್ಮಲ್ಲಿ ವಿರಳ. ಅಕ್ಷರ ನಾಲ್ಕು ದಿನದಲ್ಲಿ ಬಂದೀತು. ಆದರೆ ಕನ್ನಡದ ಪುಸ್ತಕದಲ್ಲಿ ‘ಲ.ಸಾ.ಅ.’ ಕಲಿತ ಮಗುವಿಗೆ ಅದೇ ಲೆಕ್ಕ ತೆಲುಗಿನಲ್ಲಿ ‘ಕ.ಸಾ.ಗು.’ ಆಗಿ ಎದುರಾಗುತ್ತದೆ, ‘ಮ.ಸಾ.ಅ.’ ಹೋಗಿ ‘ಗ.ಸಾ.ಭಾ.’ ಬರುತ್ತದೆ. ‘ಕೂಡಿಕ’ ಎಂದರೆ ಕೂಡುವುದೆಂದು ಊಹಿಸಿದ ಮಗು ‘ತೀಸಿವೇತ’ ಎಂಬಲ್ಲಿ ನಿಂತುಬಿಡುತ್ತದೆ. ಸಂತೆಯಲ್ಲಿ ತೆಲುಗು ಮಾತಾಡಿ ಮೆಣಸಿನಕಾಯಿಯ ಬೆಲೆ ಇಳಿಸಬಲ್ಲ ಜಾಣ ಹುಡುಗನೇ ತರಗತಿಯ ತೆಲುಗಿನೆದುರು ಮೂಕನಾಗುವುದನ್ನು ನಾವು ಕಂಡಿದ್ದೇವೆ. ಸಂತೆಯ ಭಾಷೆ ಬೇರೆ, ಪುಸ್ತಕದ ಭಾಷೆ ಬೇರೆ. ಹೋಲಿಕೆಯೇ ಇಲ್ಲಿ ಮೋಸ ಮಾಡುತ್ತದೆ. ಈ ಸೂಕ್ಷ್ಮವನ್ನು ತೋರಿಸುವ ಚಿತ್ರ ಇನ್ನೂ ಬಂದಿಲ್ಲ. ಬಂದರೆ ಅದು ಕಾಸರಗೋಡಿನ ಚಿತ್ರಕ್ಕಿಂತ ನಗೆಯದ್ದೂ ಆದೀತು, ಕಹಿಯದ್ದೂ ಆದೀತು.

ಶಾಲೆಯ ಕಥೆ ಕನ್ನಡ ಚಿತ್ರರಂಗಕ್ಕೆ ಹೊಸದಲ್ಲ. ಸರಿಯಾಗಿ ಅರವತ್ತು ವರ್ಷಗಳ ಹಿಂದೆ, 1958ರಲ್ಲಿ, ಬಿ.ಆರ್. ಪಂತುಲು ಅವರು ‘ಸ್ಕೂಲ್ ಮಾಸ್ಟರ್’ ನಿರ್ಮಿಸಿ ನಿರ್ದೇಶಿಸಿ ಮೇಷ್ಟ್ರ ಪಾತ್ರವನ್ನೂ ತಾವೇ ಧರಿಸಿದರು. ಎಂ.ವಿ. ರಾಜಮ್ಮನವರು ಮೇಷ್ಟ್ರ ಮಡದಿ. ಅಲ್ಲಿಯೂ ತುಂಟ ಹುಡುಗರಿದ್ದಾರೆ, ಅವರನ್ನು ತಿದ್ದುವ ಮೇಷ್ಟ್ರಿದ್ದಾರೆ, ಊರಿನ ದೊಡ್ಡವರ ದರ್ಪವಿದೆ, ಮುಪ್ಪಿನಲ್ಲಿ ಕೈಬಿಡುವ ಮಕ್ಕಳಿದ್ದಾರೆ, ಕೊನೆಗೆ ಕೈಹಿಡಿಯುವ ಹಳೆಯ ಶಿಷ್ಯನಿದ್ದಾನೆ. ಆ ಕಥೆ ಭಾಷೆಯ ಗಡಿಗಳನ್ನು ಎಷ್ಟು ಸರಾಗವಾಗಿ ದಾಟಿತೆಂದರೆ, ಪಂತುಲು ಅವರ ಶಿಷ್ಯರಾಗಿದ್ದ ಪುಟ್ಟಣ್ಣ ಕಣಗಾಲರು 1964ರಲ್ಲಿ ಅದನ್ನು ಮಲಯಾಳದಲ್ಲಿ ತೆಗೆದರು, 1972ರಲ್ಲಿ ಎನ್.ಟಿ. ರಾಮರಾಯರು ‘ಬಡಿ ಪಂತುಲು’ ಆಗಿ ತೆಲುಗರ ಕಣ್ಣಲ್ಲಿ ನೀರು ತರಿಸಿದರು. ನಮ್ಮ ಭಾಗದ ಹಿರಿಯರಲ್ಲಿ ಕೆಲವರಿಗೆ ‘ಬಡಿ ಪಂತುಲು’ ಗೊತ್ತು, ‘ಸ್ಕೂಲ್ ಮಾಸ್ಟರ್’ ಗೊತ್ತಿಲ್ಲ. ಅಣ್ಣನ ಕಥೆಯನ್ನು ನೆರೆಮನೆಯವರ ಬಾಯಿಂದ ಕೇಳಿದಂತೆ ಇದು.

ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅರವತ್ತು ವರ್ಷಗಳ ಇತಿಹಾಸ ಕಣ್ಣಿಗೆ ಕಟ್ಟುತ್ತದೆ. 1958ರ ಚಿತ್ರದಲ್ಲಿ ಶಾಲೆ ಯಾವ ಭಾಷೆಯಲ್ಲಿ ನಡೆಯುತ್ತದೆಂಬ ಪ್ರಶ್ನೆಯೇ ಏಳುವುದಿಲ್ಲ. ಗಾಳಿ ಇದೆಯೇ ಎಂದು ಯಾರೂ ಕೇಳುವುದಿಲ್ಲವಷ್ಟೆ. ಅಲ್ಲಿನ ಸಂಕಟ ಮೇಷ್ಟ್ರದ್ದು: ಬಾಳೆಲ್ಲ ಊರಿನ ಮಕ್ಕಳಿಗೆ ತೇದವನಿಗೆ ಸ್ವಂತ ಮಕ್ಕಳು ಊಟ ಹಾಕುವರೇ ಎಂಬುದು. ಆ ಚಿತ್ರ ಬರುವ ಎರಡು ವರ್ಷ ಮೊದಲಷ್ಟೇ ರಾಜ್ಯಗಳ ಪುನರ್ವಿಂಗಡಣೆಯಾಗಿತ್ತು. ಮೈಸೂರು ರಾಜ್ಯದ ಒಳಗಿದ್ದವರಿಗೆ ಕನ್ನಡದ ಮನೆ ಕಟ್ಟಿಯಾಯಿತೆಂಬ ನೆಮ್ಮದಿ. 2018ರ ಚಿತ್ರದಲ್ಲಿ ಮೇಷ್ಟ್ರ ಸಂಸಾರದ ಗೋಳಿಲ್ಲ. ಕಾಪಾಡಬೇಕಾದದ್ದು ಶಾಲೆಯನ್ನೇ. ‘ಸ್ಕೂಲ್ ಮಾಸ್ಟರ್’ನಲ್ಲಿ ಗುರುವನ್ನು ಕಾಯಲು ಹಳೆಯ ಶಿಷ್ಯ ಪೊಲೀಸ್ ಅಧಿಕಾರಿಯಾಗಿ ಬರುತ್ತಾನೆ. ಕಾಸರಗೋಡಿನ ಮಕ್ಕಳಿಗೆ ಅಂಥ ಹಳೆಯ ವಿದ್ಯಾರ್ಥಿ ಊರಿನಲ್ಲಿ ಸಿಗುವುದಿಲ್ಲ. ದೂರದ ಮೈಸೂರಿಗೆ ಹೋಗಿ ಒಬ್ಬರನ್ನು ಕರೆತರಬೇಕಾಗುತ್ತದೆ. ನಮ್ಮನ್ನು ಇದು ತುಸು ಚುಚ್ಚಿದೆ. ಗಡಿಯ ಶಾಲೆಯಲ್ಲಿ ಓದಿ ಮೇಲೆ ಬಂದವರು ಎಲ್ಲಿ ಹೋದರು? ಬಳ್ಳಾರಿಗೆ, ಬೆಂಗಳೂರಿಗೆ, ಹೈದರಾಬಾದಿಗೆ. ಅವರ ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆಂದು ಕೇಳುವುದು ಸೌಜನ್ಯವಲ್ಲ.

ಈ ನಡುವೆ ಇನ್ನೊಂದು ಚಿತ್ರವನ್ನು ಮರೆಯುವಂತಿಲ್ಲ. ಅದು ನಮಗೆ ಊರಿನ ಬಂಧುವಿದ್ದಂತೆ. ಕೊಟ್ಟೂರಿನಲ್ಲಿ ಹುಟ್ಟಿ, ನಮ್ಮ ಈ ಆಂಧ್ರದ ಗಡಿಹಳ್ಳಿಗಳಲ್ಲಿ ಉಪಾಧ್ಯಾಯರಾಗಿ ಆಯುಷ್ಯದ ದೊಡ್ಡ ಭಾಗ ಕಳೆದ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರರು 1994ರಲ್ಲಿ ‘ಕೊಟ್ರೇಶಿ ಕನಸು’ ತೆಗೆದರು. ಶೋಷಿತ ಜಾತಿಯ ಹುಡುಗನೊಬ್ಬನ ಓದಿನ ಹಂಬಲ ಅದರ ವಸ್ತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿತು. ಕೊಟ್ರೇಶಿಯಾಗಿ ನಟಿಸಿದ ವಿಜಯ ರಾಘವೇಂದ್ರನಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ. ಅದು ಹಾಸ್ಯಚಿತ್ರವಲ್ಲ. ಆದರೂ ಕಾಸರಗೋಡಿನ ಚಿತ್ರ ಹೇಳದೆ ಬಿಟ್ಟ ಒಂದು ಸಂಗತಿಯನ್ನು ಅದು ನೆನಪಿಗೆ ತರುತ್ತದೆ. ಕಾಸರಗೋಡಿನ ಶಾಲೆಯಲ್ಲಿ ಮಕ್ಕಳೆಲ್ಲ ಒಂದೇ ನಗುವ ಗುಂಪು. ಅವರ ನಡುವೆ ಜಾತಿಯ ಗೆರೆ ಕಾಣುವುದಿಲ್ಲ. ಕೊಟ್ರೇಶಿಗೆ ಶಾಲೆಯ ಭಾಷೆ ಮನೆಯ ಭಾಷೆಯೇ, ಆದರೂ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ತಾಯ್ನುಡಿ ಒಂದಿದ್ದರೆ ಸಾಕು, ಮಗು ಬಾಯಿಬಿಟ್ಟು ಮಾತಾಡೀತೆಂದು ನಂಬುವವರು ಈ ಎರಡು ಚಿತ್ರಗಳನ್ನೂ ನೋಡಬೇಕು.

ಕಾಸರಗೋಡಿನ ಚಿತ್ರ ಸವಕಲಾದ ಜಾಗಗಳೂ ಇವೆ. ಅವನ್ನು ಹೇಳದಿದ್ದರೆ ಅಭಿಮಾನವೇ ವಿಮರ್ಶೆಯಾದೀತು. ಮೊದಲನೆಯದಾಗಿ ಪಲ್ಲವಿ. ಅವಳು ಬದುಕುವುದು ಪ್ರವೀಣನ ಕಣ್ಣಿನಲ್ಲಿ ಮಾತ್ರ. ಹುಡುಗರಿಗೆ ಕನಸುಗಳಿವೆ, ಭಯಗಳಿವೆ, ಮಂಗಾಟಗಳಿವೆ. ಹುಡುಗಿಯರಿಗೆ ಮುಗುಳ್ನಗೆಯೊಂದೇ ಪಾಲಿಗೆ ಬಂದದ್ದು. ಗಡಿಯಲ್ಲಿ ಶಾಲೆ ಮುಚ್ಚಿದರೆ ಮೊದಲು ಮನೆಯಲ್ಲಿ ಉಳಿಯುವವರು ಯಾರು ಎಂದು ನಮ್ಮ ಊರುಗಳಲ್ಲಿ ಯಾರನ್ನಾದರೂ ಕೇಳಿ. ಹುಡುಗ ಬಸ್ಸು ಹತ್ತಿ ಬಳ್ಳಾರಿಗೋ ಆದವಾನಿಗೋ ಹೋದಾನು. ಹುಡುಗಿಯನ್ನು ‘ಅಷ್ಟು ದೂರ ಬೇಡವ್ವ’ ಎಂದು ನಿಲ್ಲಿಸಿಕೊಳ್ಳುತ್ತಾರೆ. ಪಲ್ಲವಿಯ ಕಡೆಯಿಂದ ಹೇಳಿದ್ದರೆ ಇದು ಬೇರೆಯೇ ಚಿತ್ರವಾಗುತ್ತಿತ್ತು.

ಎರಡನೆಯದು, ಮಲಯಾಳಿ ಅಧಿಕಾರಿಯ ಚಿತ್ರಣ. ಹಾಸ್ಯಕ್ಕೆ ಒಬ್ಬ ಖಳ ಬೇಕು ನಿಜ. ಆದರೆ ಗಡಿಯ ಬಾಳಿನಲ್ಲಿ ಖಳನೂ ನೆರೆಯವನೂ ಒಬ್ಬನೇ ಆಗಿರುತ್ತಾನೆ. ಕಾಸರಗೋಡನ್ನು ಸಪ್ತಭಾಷೆಗಳ ನಾಡೆಂದು ಕರೆಯುವುದುಂಟು. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಒಂದೇ ಪೇಟೆಯಲ್ಲಿ ಕೇಳುತ್ತವೆ. ಆದವಾನಿಯ ಹತ್ತಿಯ ಮಾರುಕಟ್ಟೆಯಲ್ಲಿ ಒಬ್ಬ ದಲ್ಲಾಳಿ ಬೆಳಗಿನಿಂದ ಮಧ್ಯಾಹ್ನದೊಳಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಜಗಳವಾಡಿ ಮೂರರಲ್ಲೂ ರಾಜಿಯಾಗಬಲ್ಲ. ತೆಲುಗು ನಮಗೆ ಶತ್ರುವಲ್ಲ. ನಮ್ಮ ಸೊಸೆಯಂದಿರ ಭಾಷೆ, ನಮ್ಮ ಬ್ಯಾಂಕಿನ ಭಾಷೆ, ನಮ್ಮ ಮಕ್ಕಳು ಮೆಚ್ಚುವ ನಟರ ಭಾಷೆ. ರಿಷಬ್ ಶೆಟ್ಟಿಯವರ ‘ಕಾಂತಾರ’ವನ್ನು 2022ರಲ್ಲಿ ತೆಲುಗಿನಲ್ಲಿ ನೋಡಿ ಮೆಚ್ಚಿಕೊಂಡ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ, ಅವರೇ ಕನ್ನಡ ಶಾಲೆಯ ಬಗ್ಗೆ ಹಿಂದೆ ಒಂದು ಚಿತ್ರ ತೆಗೆದಿದ್ದರೆಂಬುದು ತಿಳಿಯದು. ಇದಕ್ಕೆ ನಗಬೇಕೋ ಅಳಬೇಕೋ ನಾವೇ ಇನ್ನೂ ತೀರ್ಮಾನಿಸಿಲ್ಲ.

ಮೂರನೆಯದು ಹೆಚ್ಚು ಗಂಭೀರವಾದದ್ದು. ಚಿತ್ರ ನ್ಯಾಯಾಲಯದಲ್ಲಿ ಗೆಲ್ಲುತ್ತದೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯ ಪುನರ್ವಿಂಗಡಣೆಯ ವರ್ಷವಾದ 1956ರಲ್ಲೇ, ನಮ್ಮಂಥ ಗಡಿಯವರನ್ನು ನೆನೆದೇ ಅದನ್ನು ಸೇರಿಸಿದರು. ಆ ವಿಧಿಯ ಬಲದಿಂದ ಶಾಲೆಯ ಬಾಗಿಲು ತೆರೆಸಬಹುದು. ಮಕ್ಕಳನ್ನು ಒಳಗೆ ಕರೆತರುವುದು ಅದರಿಂದ ಆಗದು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಾಥಮಿಕ ಶಾಲೆಯ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದ್ದು, ಸರ್ಕಾರ ತಾಯ್ನುಡಿಯನ್ನು ಹೇರುವಂತಿಲ್ಲ ಎಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿತು. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಡಿಸಿತು. 2020ರ ಏಪ್ರಿಲಿನಲ್ಲಿ ರಾಜ್ಯದ ಹೈಕೋರ್ಟು ಅದನ್ನು ರದ್ದುಪಡಿಸಿತು. ಆದೇಶ ಬಿದ್ದರೂ ಆಸೆ ಬೀಳಲಿಲ್ಲ. ಬೆಳಿಗ್ಗೆ ಊರೂರಿಗೆ ಬರುವ ಖಾಸಗಿ ಶಾಲೆಯ ಹಳದಿ ವ್ಯಾನಿನೊಳಗೆ ನಮ್ಮ ಸಂಘದ ಸದಸ್ಯರ ಮೊಮ್ಮಕ್ಕಳೂ ಕುಳಿತಿರುತ್ತಾರೆ. ಅವರನ್ನು ದೂರಲಾಗದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯದು ಮುಗಿಸಿದ ಮಗು ಮುಂದೆ ಯಾವ ಬಾಗಿಲು ತಟ್ಟಬೇಕೆಂದು ಯಾರೂ ಅವರಿಗೆ ನೆಮ್ಮದಿಯ ಉತ್ತರ ಕೊಟ್ಟಿಲ್ಲ.

ಇದಕ್ಕಿಂತಲೂ ದೊಡ್ಡ ಕಾರಣವೊಂದು ನಮ್ಮ ಭಾಗಕ್ಕೇ ವಿಶೇಷವಾದದ್ದು. ಮಳೆ ಕೈಕೊಟ್ಟ ವರ್ಷ ಕರ್ನೂಲಿನ ಪಡುವಣ ಹಳ್ಳಿಗಳಿಂದ ಸಂಸಾರಗಳು ಮೂಟೆ ಕಟ್ಟಿಕೊಂಡು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ. ಹಿರಿಯರೊಡನೆ ಮಕ್ಕಳೂ ಹೋಗುತ್ತಾರೆ, ತಿಂಗಳುಗಟ್ಟಲೆ. ಶಾಲೆ ತೆರೆದೇ ಇರುತ್ತದೆ, ಮೇಷ್ಟ್ರು ಬರುತ್ತಾರೆ, ಗಂಟೆ ಬಾರಿಸುತ್ತದೆ, ಬೆಂಚು ಖಾಲಿ. ಅಲ್ಲಿ ಮುಚ್ಚುವ ಆಜ್ಞೆಯೂ ಇಲ್ಲ, ಖಳನಾದ ಅಧಿಕಾರಿಯೂ ಇಲ್ಲ, ವಾದಿಸಬೇಕಾದ ನ್ಯಾಯಾಲಯವೂ ಇಲ್ಲ. ಅನಂತಪದ್ಮನಾಭರನ್ನು ಮೈಸೂರಿನಿ೦ದ ಕರೆತಂದರೂ ಅವರು ಯಾರ ಮೇಲೆ ದಾವೆ ಹೂಡಬೇಕು?

ಹೀಗೆಂದ ಮಾತ್ರಕ್ಕೆ ನ್ಯಾಯಾಲಯದ ದೃಶ್ಯ ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಅನಂತನಾಗ್ ಅವರ ಮಾತಿನ ಓಟ, ತಡೆ, ಹುಬ್ಬಿನ ಆಟ ಇವಕ್ಕಾಗಿಯೇ ಅದನ್ನು ಮತ್ತೆ ನೋಡಬಹುದು. ಆದರೆ ಅಲ್ಲಿ ಮಾತೆಲ್ಲ ಹಿರಿಯರದ್ದು. ಮೊದಲರ್ಧದಲ್ಲಿ ಎದುರುಮಾತಾಡುತ್ತಿದ್ದ ಮಕ್ಕಳು ಅಲ್ಲಿ ಪ್ರೇಕ್ಷಕರಾಗಿಬಿಡುತ್ತಾರೆ, ಕೈತಟ್ಟುವುದಷ್ಟೇ ಅವರ ಕೆಲಸ. ಮಕ್ಕಳ ಭಾಷೆಯನ್ನು ಉಳಿಸಹೊರಟ ಹಿರಿಯರು ಮಕ್ಕಳಿಗೆ ಮಾತಾಡಲು ಬಿಡದಿರುವುದು ನಮ್ಮ ಸಮ್ಮೇಳನಗಳ ವೇದಿಕೆಗಳಿಗೂ ಅನ್ವಯಿಸುತ್ತದೆಂದು ಪಕ್ಕದಲ್ಲಿ ಕುಳಿತವರು ಕಿವಿಯಲ್ಲಿ ಹೇಳಿದರೆ ನಾವು ಇಲ್ಲವೆನ್ನಲಾರೆವು.

ಚಿತ್ರೀಕರಣದ ಬಗ್ಗೆ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ತೆರೆಯ ಮೇಲೆ ಕಾಸರಗೋಡಿನದೆಂದು ಕಾಣುವ ಶಾಲೆ ನಿಜವಾಗಿ ಕರ್ನಾಟಕದೊಳಗಿನದು, ಬಂಟ್ವಾಳ ತಾಲ್ಲೂಕಿನ ಕೈರಂಗಳದ ಸರ್ಕಾರಿ ಶಾಲೆ. ತರುವಾಯದ ವರ್ಷಗಳಲ್ಲಿ ರಿಷಬ್ ಶೆಟ್ಟಿಯವರು ಅದೇ ಶಾಲೆಯನ್ನು ದತ್ತು ತೆಗೆದುಕೊಂಡರು. ಅದಕ್ಕೂ ಆಸರೆ ಬೇಕಾಗಿತ್ತು. ಕೇರಳದ ಕನ್ನಡ ಶಾಲೆಯ ಸಂಕಟವನ್ನು ತೋರಿಸಲು ಆರಿಸಿಕೊಂಡ ಕಟ್ಟಡ ಕನ್ನಡನಾಡಿನೊಳಗೇ ಅದೇ ಸಂಕಟದ ಬಾಗಿಲಲ್ಲಿ ನಿಂತಿತ್ತು. ಗಡಿಯಾಚೆ ಇರುವ ನಮಗೆ ಕರ್ನಾಟಕ ತವರುಮನೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ತವರುಮನೆಯಲ್ಲೂ ಒಲೆ ಹಚ್ಚುವುದು ಕಷ್ಟವಾಗಿದೆಯೆಂದು ತಿಳಿದ ಮಗಳು ಹೆಚ್ಚು ಕೇಳಲಾರಳು.

ಭಾಷೆಯ ಬಗೆಗೊಂದು ಮಾತು. ಚಿತ್ರದ ಕನ್ನಡ ಕರಾವಳಿಯದು. ‘ಎಂತ’, ‘ಮಾರಾಯ’ ಎಂಬಂಥ ಮಾತುಗಳು ನಮ್ಮ ಕಿವಿಗೆ ದೂರದವು. ನಮ್ಮದು ‘ಏನ್ಲೇ’, ‘ಯಾಕಪ’ ಎನ್ನುವ ಬಳ್ಳಾರಿಯ ಕಡೆಯ ಬಿರುಸು ಕನ್ನಡ. ಮೊದಲ ಹತ್ತು ನಿಮಿಷ ನಮ್ಮ ಕಡೆಯ ಮಕ್ಕಳು ಆ ಮಾತಿನ ಧಾಟಿಗೇ ನಗುತ್ತಾರೆ, ಹಾಸ್ಯಕ್ಕಲ್ಲ. ಬಳಿಕ ಧಾಟಿ ಮರೆತುಹೋಗುತ್ತದೆ. ಪಾಠ ಬಾರದೆ ನಿಂತ ಹುಡುಗನ ಮುಖ ಯಾವ ಸೀಮೆಯದಾದರೂ ಒಂದೇ. ಕರಾವಳಿಯ ಕನ್ನಡವೂ ಕನ್ನಡವೇ, ನಮ್ಮ ಕನ್ನಡವೂ ಕನ್ನಡವೇ ಎಂದು ನೂರು ಭಾಷಣಗಳು ಹೇಳಿ ಮುಗಿಸದ್ದನ್ನು ಈ ಚಿತ್ರ ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ಹೇಳಿಬಿಡುತ್ತದೆ. ಅದಕ್ಕಾಗಿಯಾದರೂ ನಮ್ಮ ಶಾಲೆಗಳಲ್ಲಿ ಇದನ್ನು ತೋರಿಸಬೇಕು.

ತೋರಿಸುವುದಾದರೆ ನಮ್ಮದೊಂದು ಸಲಹೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತ್ರ ತೋರಿಸಬೇಡಿ. ಅದೇ ಆವರಣದ ತೆಲುಗು ಮಾಧ್ಯಮದ ಮಕ್ಕಳನ್ನೂ ಕೂಡಿಸಿ. ಹಿರಿಯರು ಮುಂದಿನ ಕುರ್ಚಿಗಳಲ್ಲಿ ಕೂರದೆ ಹಿಂದೆ ಗೋಡೆಗೆ ಒರಗಿ ನಿಲ್ಲಲಿ. ಗಣಿತದ ಮೇಷ್ಟ್ರು ಮಲಯಾಳದಲ್ಲಿ ಲೆಕ್ಕ ಆರಂಭಿಸಿದಾಗ ತೆರೆಯನ್ನು ನೋಡಬೇಡಿ, ಮಕ್ಕಳನ್ನು ನೋಡಿ. ಯಾರು ನಗುತ್ತಾರೆ, ಯಾರು ನಗುತ್ತ ನಗುತ್ತ ಸುಮ್ಮನಾಗುತ್ತಾರೆ, ಯಾರು ಪಕ್ಕದವನ ಮುಖ ನೋಡುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಮರುದಿನ ತರಗತಿಯಲ್ಲಿ ಆ ಸುಮ್ಮನಾದ ಮಕ್ಕಳ ಹತ್ತಿರ ಕುಳಿತು, ಅವರಿಗೆ ಬರುವ ಭಾಷೆಯಲ್ಲಿ, ಹಿಂದಿನ ವಾರದ ಲೆಕ್ಕವನ್ನು ಒಮ್ಮೆ ಕೇಳಿ ನೋಡಿ.